ಕೀವರ್ಡ್ ಕಾಲಂನಲ್ಲಿ ಬರೆದ ಎಲೆ

ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಮೈ ಉರಿಯುತ್ತದೆ. ಪುತ್ತೂರಿನಲ್ಲಿ ಇಷ್ಟು ವರ್ಷ ಡಿಟಿಪಿ ಅಂಗಡಿ ಇಟ್ಟುಕೊಂಡು ಊರವರ ಮದುವೆ ಕಾಗದ, ಅರ್ಜಿ ಎಲ್ಲ ಟೈಪ್ ಮಾಡಿ ಬಂದ ಗುಣ ಅದು. ಅರ್ಜಿ ತುಂಬಿಸಲು ಬಂದವರು ತಾಯಿಯ ಹೆಸರಿನ ಜಾಗ ಬಿಟ್ಟರೆ ಗದರಿಸಿ ಬರೆಸುತ್ತೇನೆ. ಇದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಕೆಲಸ ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ನಾನೊಂದು ವೆಬ್‌ಸೈಟ್ ಕಟ್ಟಿದೆ. ಪುತ್ತೂರು, ಸುಳ್ಯ, ಕಡಬ ಕಡೆಯ ಹಳಬರು ಹೇಳಿದ ಅಡುಗೆ, ಹಳ್ಳಿಮದ್ದು, ಬೇಸಾಯದ ಸಂಗತಿಗಳನ್ನು ಬರೆದು ಹಾಕುವ ಸೈಟು. ಡೇಟಾಬೇಸಿನ ರಗಳೆ ಇಲ್ಲ. ಒಂದು ಲೇಖನಕ್ಕೆ ಒಂದು ಫೈಲು, ಕೋಡ್ ಎಡಿಟರ್‌ನಲ್ಲಿ ಬರೆದು ಕಳಿಸಿದರೆ ಅದೇ ಪುಟವಾಗುತ್ತದೆ. ಪ್ರತಿ ಫೈಲಿನ ತಲೆಯಲ್ಲಿ ಎರಡು ಅಡ್ಡಗೆರೆಗಳ ನಡುವೆ ಲೇಖನದ ಜಾತಕ ಇರುತ್ತದೆ: ಶೀರ್ಷಿಕೆ, ತಾರೀಕು, ಹೇಳಿದವರು, ಸಾರಾಂಶ, ಹುಡುಕಲು ನೆರವಾಗುವ ಪದಗಳಾದ ಕೀವರ್ಡ್. ಎಡಿಟರ್‌ಗೆ ಎಕ್ಸ್‌ಟೆನ್ಶನ್ ಎನ್ನುವ ಒಂದು ಜೋಡಣೆ ಹಾಕಿಕೊಂಡ ಮೇಲೆ ಇದೆಲ್ಲ ಪಕ್ಕದಲ್ಲಿ ಫಾರಂನಂತೆ ತೆರೆದುಕೊಳ್ಳುತ್ತಿತ್ತು. ಯಾವ ಕಾಲಂ ಖಾಲಿಯೋ ಅದು ಕೆಂಪಾಗುತ್ತಿತ್ತು. ನನ್ನಂಥವಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆ ಸಮಯದಲ್ಲೇ ನನ್ನ ಸೊಂಟದ ಸುತ್ತ ಸರ್ಪಸುತ್ತು ಎದ್ದದ್ದು. ಬಟ್ಟೆ ತಾಗಿದರೂ ಜೀವ ಹೋಗುವ ಉರಿ. ಸುಳ್ಯದಿಂದ ಒಳಗೆ ಮರ್ಕಂಜದಲ್ಲಿ ಒಬ್ಬ ಅಜ್ಜಿ ಮದ್ದು ಕೊಡುತ್ತಾರೆಂದು ಕೇಳಿ ಹೋದೆ. ತೋಡು ಎನ್ನುವ ಸಣ್ಣ ಹಳ್ಳದ ಬದಿಯಿಂದ ತಂದ ಒಂದು ಎಲೆಯನ್ನು ಏನೇನೋ ಸೇರಿಸಿ ಅರೆದು ಮೂರು ದಿನ ಹಚ್ಚಿದರು. ಉರಿ ಇಳಿಯಿತು. ಮದ್ದಿನಿಂದಲೋ ದಿನ ಕಳೆದದ್ದರಿಂದಲೋ, ನಾನು ವಾದಕ್ಕೆ ಹೋಗುವುದಿಲ್ಲ. ಅಜ್ಜಿ ದಕ್ಷಿಣೆಯನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಅರೆಭಾಷೆ ಮಾತಾಡುವವರು, ತುಳು ಮನೆಯವಳಾದ ನನ್ನೊಡನೆ ಕನ್ನಡದಲ್ಲಿ ಮಾತಾಡಿದರು.

ಲೇಖನ ಬರೆಯುತ್ತೇನೆ, ಎಲೆಯ ಹೆಸರು ಹೇಳಿ ಎಂದು ನಾನು ಬೆನ್ನು ಹಿಡಿದೆ. ಅವರ ಮನೆಯ ಕ್ರಮ ಬೇರೆಯಿತ್ತು. ಮದ್ದಿನ ಹೆಸರನ್ನು ಅತ್ತೆ ಸೊಸೆಗೆ ಹೇಳಬೇಕು, ಹೇಳಿದ ದಿನದಿಂದ ಮದ್ದು ಸೊಸೆಯ ಕೈಗೆ. ನಡುವೆ ಅದು ಹತ್ತು ಜನರ ಬಾಯಿಗೆ ಬಿದ್ದರೆ ಆ ಮನೆಯ ಯಾರ ಕೈಗೂ ಹಿಡಿಯುವುದಿಲ್ಲ, ಹಚ್ಚಿದರೂ ಗುಣವಾಗುವುದಿಲ್ಲ. ನಾನು ಬಿಡಲಿಲ್ಲ. ಮೂರನೆಯ ದಿನ ಅಜ್ಜಿ ಸೋತು ಹೆಸರು ಹೇಳಿದರು.

"ಬರೆಯುವವಳು ನೀನು, ಸುಳ್ಳು ಬರೀಬಾರ್ದು ಅಂತ ಹೇಳಿದ್ದು. ಆದ್ರೆ ಹೆಸರು ಹಾಕ್ಲಿಕ್ಕಿಲ್ಲ. ಸೊಸೆಗೇ ಇನ್ನೂ ಹೇಳ್ಲಿಲ್ಲ ನಾನು."

"ಇಲ್ಲ ಅಜ್ಜಿ, ಖಂಡಿತ ಹಾಕುದಿಲ್ಲ" ಎಂದೆ.

ಲೇಖನದಲ್ಲಿ ಹಾಕಲಿಲ್ಲ ಕೂಡ. 'ತೋಡಿನ ಬದಿಯ ಒಂದು ಎಲೆ' ಎಂದಷ್ಟೇ ಬರೆದೆ. ಆದರೆ ಪಕ್ಕದ ಫಾರಂನಲ್ಲಿ ಕೀವರ್ಡ್ ಕಾಲಂ ಕೆಂಪಗೆ ನನ್ನನ್ನೇ ನೋಡುತ್ತಿತ್ತು. ಮುಂದೆ ಹುಡುಕುವಾಗ ನನಗೆ ಬೇಕಾದೀತು ಎಂದು ಎಲೆಯ ಹೆಸರನ್ನು ಅಲ್ಲಿ ತುಂಬಿದೆ. ಅಡ್ಡಗೆರೆಯ ಒಳಗಿನದ್ದು ಪುಟದಲ್ಲಿ ಕಾಣುತ್ತಿರಲಿಲ್ಲ. ಪಾತ್ರೆಯ ಅಡಿಯಲ್ಲಿ ಕೆತ್ತಿಸಿದ ಹೆಸರಿನಂತೆ ಅದು ಮನೆಯವರಿಗೆ ಮಾತ್ರ ಎಂದು ನಂಬಿದ್ದೆ.

ಕೆಲವು ತಿಂಗಳ ಮೇಲೆ ಸೈಟಿನ ವೇಷ ಹಳತಾಯಿತೆಂದು ಹೊಸ ಥೀಮ್ ಹಾಕಿದೆ. ಅದು ಪ್ರತಿ ಲೇಖನದ ಕೆಳಗೆ ಕೀವರ್ಡ್‌ಗಳನ್ನು ಹಸಿರು ಗುಂಡಿಗಳಾಗಿ ತೋರಿಸುತ್ತಿತ್ತು. ಹಲಸಿನ ಹಪ್ಪಳದ ಲೇಖನ ತೆರೆದು ನೋಡಿದೆ, ಪತ್ರೊಡೆಯದ್ದು ನೋಡಿದೆ. ಚಂದ ಕಂಡಿತು. ಉಳಿದವನ್ನು ನೋಡುವ ತಾಳ್ಮೆ ಇರಲಿಲ್ಲ. ಕಾಲಂ ತುಂಬಿಸಲು ಇದ್ದ ತಾಳ್ಮೆ ಅಲ್ಲಿ ಎಲ್ಲಿ ಹೋಗಿತ್ತೋ.

ಒಂದು ವಾರ ಕಳೆದಿರಬೇಕು, ಅಜ್ಜಿಯ ಸೊಸೆ ಫೋನ್ ಮಾಡಿದಳು.

"ಅಕ್ಕಾ, ನೀವು ಎಂತ ಮಾಡಿದ್ದು? ತೋಡಿನ ಬದಿಯಲ್ಲಿ ಒಂದು ಗಿಡ ಇಲ್ಲ ಈಗ. ಗುಂಡ್ಯದಿಂದೆಲ್ಲ ಜೀಪು ಮಾಡಿಕೊಂಡು ಬಂದು ಬೇರು ಸಮೇತ ಕಿತ್ಕೊಂಡು ಹೋದ್ರು. ಹೆಸರು ನಿಮ್ಮ ಸೈಟಿನಲ್ಲೇ ಉಂಟಂತೆ."

ಪುಟ ತೆರೆದೆ. ಕೆಳಗೆ ಹಸಿರು ಗುಂಡಿಯಲ್ಲಿ ಆ ಹೆಸರು ದಪ್ಪ ಅಕ್ಷರದಲ್ಲಿತ್ತು. ಫೈಲಿನಿಂದ ಆ ಒಂದು ಪದ ಅಳಿಸಿ ಮತ್ತೆ ಕಳಿಸಲು ಎರಡು ನಿಮಿಷ ಸಾಕಾಯಿತು. ಆದರೆ ಪುಟದ ಫೋಟೋ ಆಗಲೇ ಮೊಬೈಲಿನಿಂದ ಮೊಬೈಲಿಗೆ ಹಾರಿ ನನ್ನ ತಂಗಿಯ ಗ್ರೂಪಿಗೂ ಬಂದು ಮುಟ್ಟಿತ್ತು.

ಮರುದಿನ ಬಸ್ಸು ಹಿಡಿದು ಮರ್ಕಂಜಕ್ಕೆ ಹೋದೆ. ಅಜ್ಜಿ ಬೈಯಲಿ ಎಂದು ದಾರಿಯುದ್ದಕ್ಕೂ ಹಾರೈಸಿಕೊಂಡೆ. ಅವರು ಕುಳಿತುಕೊಳ್ಳಲು ಹೇಳಿದರು, ಚಾ ಕೊಡಿಸಿದರು. ಅಲ್ಲಿಯವರೆಗೆ ನನ್ನನ್ನು ನೀನು ಎನ್ನುತ್ತಿದ್ದವರು ಆ ದಿನ ನೀವು ಎಂದರು.

"ನಿಮ್ಮದೆಂತ ತಪ್ಪುಂಟು? ಬಾಯಿ ಬಿಟ್ಟದ್ದು ನಾನು. ಇನ್ನು ನನ್ನ ಕೈಗೆ ಮದ್ದು ಹಿಡಿಯುದಿಲ್ಲ. ಸೊಸೆಗೆ ಹೇಳಿ ಎಂತ ಪ್ರಯೋಜನ?"

ಬೇಕೆಂದು ಮಾಡಿದ್ದಲ್ಲ ಎಂದೆ, ಥೀಮ್ ಎಂದೆ, ಕಾಲಂ ಎಂದೆ. ನನಗೇ ನಾಚಿಕೆಯಾಗಿ ನಿಲ್ಲಿಸಿದೆ. ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಬರಬೇಕಾದದ್ದನ್ನು ಊರಿಗೆಲ್ಲ ಹಂಚಿದವಳು ನಾನು. ಆದರೂ ಬಸ್ ಸ್ಟಾಪಿನವರೆಗೆ ಜೊತೆಗೆ ಬಂದಳು.

ಹದಿನೈದು ದಿನ ಕಳೆದು ಆಲಂಕಾರಿನಿಂದ ಗಂಡ ಹೆಂಡತಿ ನನ್ನ ಅಂಗಡಿಗೆ ಬಂದರು. ಗಂಡ ಒಂದು ಕಡೆ ವಾಲಿ ನಡೆಯುತ್ತಿದ್ದರು. ಅರ್ಜಿಯವರೆಂದು ಕುರ್ಚಿ ತೋರಿಸಿದೆ. ಅವರು ಕುಳಿತುಕೊಳ್ಳದೆ ಅಂಗಿ ಎತ್ತಿದರು. ಪಕ್ಕೆಯುದ್ದಕ್ಕೂ ಕೆಂಪು ಗುಳ್ಳೆ.

ಹೆಂಡತಿ ಹೇಳಿದರು: "ಮರ್ಕಂಜಕ್ಕೆ ಹೋಗಿದ್ದೆವು. ಮದ್ದು ಈಗ ಪುತ್ತೂರಿನ ನಿಮ್ಮ ಹತ್ರ ಉಂಟು ಅಂತ ಅಜ್ಜಿ ಕಳಿಸಿದ್ರು."

ಅಣಕಿಸಲು ಕಳಿಸಿದ್ದಲ್ಲ ಎಂದು ನನಗೆ ಗೊತ್ತು. ಅವರ ಲೆಕ್ಕದಲ್ಲಿ ಅದೇ ಸರಿ. ಹೆಸರು ಯಾರಿಗೆ ಹೇಳಿದರೋ ಮದ್ದು ಅವರದ್ದು.

"ನನಗೆ ಎಲೆಯ ಹೆಸರು ಮಾತ್ರ ಗೊತ್ತು. ಯಾವುದರ ಜೊತೆ ಅರೆಯುದು, ಎಷ್ಟು ಹಚ್ಚುದು, ಒಂದೂ ಗೊತ್ತಿಲ್ಲ" ಎಂದೆ.

"ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಹಾಗೆ ಹೇಳಿ ಮಾರಾಯ್ರೆ" ಎಂದರು ಗಂಡ, ಹಲ್ಲು ಕಚ್ಚಿಕೊಂಡು.

ಅಂಗಡಿಯ ಬಾಗಿಲೆಳೆದು, ರಿಕ್ಷಾ ಮಾಡಿ, ಅವರನ್ನು ಚರ್ಮದ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಗಂಡ ಒಳಗೆ ಹೋದ ಮೇಲೆ ಹೊರಗಿನ ಬೆಂಚಿನಲ್ಲಿ ಹೆಂಡತಿ ನನ್ನ ಕಡೆ ತಿರುಗಿ, ಕೋಪವಿಲ್ಲದೆ ಕೇಳಿದರು.

"ಅಜ್ಜಿ ಹತ್ರ ಇಲ್ಲ, ನಿಮ್ಮ ಹತ್ರಾನೂ ಇಲ್ಲ. ಹಾಗಾದ್ರೆ ಮದ್ದು ಈಗ ಯಾರ ಹತ್ರ ಉಂಟು?"