ನರಸಮ್ಮಕ್ಕನ ಗಿಡಕ್ಕೆ ಮಡಿಲಕ್ಕಿ

ನಮ್ಮ ತೂಬಗೆರೆಯ ಕೆಳಬೀದಿಯಲ್ಲಿ ನರಸಮ್ಮಕ್ಕನಷ್ಟು ಹಟಮಾರಿ ಇನ್ನೊಬ್ಬಳಿರಲಿಲ್ಲ. ಅವಳ ತಮ್ಮ ಗೋಪಾಲಪ್ಪ ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆಯ ಬಂಗಲೆಗೆ ಮಾಲಿಯಾಗಿದ್ದ. ನಲವತ್ತೊಂದನೇ ಇಸವಿಯಲ್ಲಿ ಅವನು ಗೋಣಿತುಂಡಿನಲ್ಲಿ ಒಂದು ಗಿಡದ ಮರಿ ಸುತ್ತಿ ತಂದು, ಇದು ಅನಾನಸ್ ಜಾತಿಯದು, ಹೂವಿನ ಅಂದಕ್ಕೆ ಬೆಳೆಸುತ್ತಾರೆ ಎಂದು ಕೊಟ್ಟ. ಅಕ್ಕನ ಕಿವಿಗೆ ಬಿದ್ದದ್ದು ಅನಾನಸ್ ಎಂಬ ಮಾತೊಂದೇ. ಹಣ್ಣು ಬಿಟ್ಟ ದಿನ ಬೀದಿಗೆಲ್ಲ ಒಂದೊಂದು ಹೋಳು ಎಂದು ಸಾರಿಬಿಟ್ಟಳು. ನಾನು ಎದುರುಮನೆಗೆ ಸೊಸೆಯಾಗಿ ಬಂದದ್ದು ನಲವತ್ತಾರರಲ್ಲಿ. ನನಗೂ ಒಂದು ಹೋಳು ನಿಗದಿಯಾಗಿತ್ತು.

ಹಣ್ಣು ಬರಲಿಲ್ಲ, ಬುಡದಲ್ಲಿ ಮರಿಗಳು ಬಂದವು. ಒಂದು ಕುಂಡ ಹನ್ನೊಂದಾಯಿತು. ಬಾವಿಯ ಪಕ್ಕದ ಹೊಂಗೆಯ ನೆರಳಿನಲ್ಲಿ, ಒಡಕು ಮಡಕೆಗಳಿಗೆ ಇದ್ದಿಲು, ಇಟ್ಟಿಗೆ ಚೂರು, ಕೊಳೆತ ಎಲೆ ತುಂಬಿ ಅವನ್ನು ನೆಟ್ಟಿದ್ದಳು. ಅದರ ಬೇರಿಗೆ ನೀರು ಹೆಚ್ಚಾದರೆ ಕೊಳೆಯುತ್ತದೆ. ಎಲೆಗಳು ಬುಡದಲ್ಲಿ ಒಂದನ್ನೊಂದು ಅಪ್ಪಿಕೊಂಡು ನಡುವೆ ಒಂದು ಲೋಟದಂತಾಗಿರುತ್ತದೆ, ನೀರು ಹೊಯ್ಯಬೇಕಾದದ್ದು ಅಲ್ಲಿಗೆ. ಆ ಲೋಟಕ್ಕೆ ಅವಳು ಮಡಿಲು ಎನ್ನುತ್ತಿದ್ದಳು. ಸೊಳ್ಳೆಯಾಗದಂತೆ ನಾಲ್ಕು ದಿನಕ್ಕೊಮ್ಮೆ ಹಳೆಯ ನೀರು ಬಗ್ಗಿಸಿ, ಮಡಿಲು ತುಂಬಿ ಬರುತ್ತೇನೆಂದು ಬಿಂದಿಗೆ ಹಿಡಿದು ಹೊರಡುತ್ತಿದ್ದಳು. ಕೇಳಿ ಕೇಳಿ ನಾವೂ ಹಾಗೇ ಅನ್ನತೊಡಗಿದೆವು.

ಅವಳ ಗಂಡ ಬೈರಣ್ಣನಿಗೆ ಆ ಜಾಗದಲ್ಲಿ ಬದನೆ ಹಾಕುವ ಆಸೆ. ದಿನಾ ಗೊಣಗುತ್ತಿದ್ದ. ಹೀಗಿರುವಾಗ ಮೇಕೆಯೊಂದು ಎಲೆಗೆ ಬಾಯಿ ಹಾಕಿತೆಂದು ಅವಳು ದೊಡ್ಡ ಕುಂಡವನ್ನು ಬಚ್ಚಲಿಗೆ ಸಾಗಿಸಿ ಹಂಡೆಯ ಪಕ್ಕ ಇಟ್ಟಳು. ಎರಡು ತಿಂಗಳು ಅದು ಒಲೆಯ ಹೊಗೆ ಕುಡಿಯಿತು. ನಲವತ್ತೇಳರ ಸುಗ್ಗಿ ಮುಗಿದ ಒಂದು ಬೆಳಿಗ್ಗೆ ನೋಡಿದರೆ ಮಡಿಲಿನ ನಡುವಿನಿಂದ ಕೆಂಡದಂಥ ಹೂವಿನ ತೆನೆ ಎದ್ದು ನಿಂತಿತ್ತು, ಎಸಳ ತುದಿಯಲ್ಲಿ ನೇರಳೆ. ಆರು ವರ್ಷಕ್ಕೆ ಮೊದಲ ಹೂ. ಅದರ ಬಾಳು ಒಂದು ವಾರ. ಆ ವಾರವೇ ದೊಡ್ಡಬಳ್ಳಾಪುರದ ಸ್ಕೂಲಿನಲ್ಲಿ ತಾಲ್ಲೂಕಿನ ಹಣ್ಣು, ತರಕಾರಿ, ಹೂವಿನ ಪ್ರದರ್ಶನವಿತ್ತು. ತೆಗೆದುಕೊಂಡು ಹೋಗುತ್ತೇನೆಂದು ಅವಳು ಹಟ ಹಿಡಿದಳು.

"ಪ್ರೈಜು ಬಂದ್ರೆ ಬಾವಿ ಪಕ್ಕ ನಿಂದು," ಎಂದ ಬೈರಣ್ಣ. "ಬರ್ನಿಲ್ಲ ಅಂದ್ರೆ ಬದ್ನೆಕಾಯ್ದು. ಆಮೇಲೆ ಅಳಂಗಿಲ್ಲ."

ಹೊರಡುವ ದಿನ ನಮ್ಮ ಗಾಡಿಯೇ ನಿಂತಿತ್ತು. ದಾರಿಯಲ್ಲಿ ತುಳುಕುತ್ತದೆಂದು ಅಕ್ಕ ನೀರನ್ನೆಲ್ಲ ಬಗ್ಗಿಸಿದ್ದಳು. ಬೀಳ್ಕೊಡಲು ಬಂದ ಹೆಂಗಸರು ಗಿಡದೊಳಗೆ ಇಣುಕಿ ನೋಡಿದರು. ಹೆಣ್ಣುಮಗಳು ಬರಿ ಮಡಿಲಲ್ಲಿ ಊರು ಬಿಡುವುದುಂಟೇ ಎಂದು ನಮ್ಮತ್ತೆ ದ್ಯಾವಮ್ಮ ತಮಾಷೆಗೆ ಅಂದರು. ಅಂದವರು ಸುಮ್ಮನಿರಲಿಲ್ಲ. ಮೊರದಲ್ಲಿ ಅಕ್ಕಿ, ಬೆಲ್ಲ, ಅರಿಸಿನದ ಕೊಂಬು, ಎಲೆ ಅಡಿಕೆ ತಂದೇಬಿಟ್ಟರು.

ಮಡಿಲು ತುಂಬುವುದಕ್ಕೆ ನಮ್ಮಲ್ಲಿ ಮಕ್ಕಳೊಂದಿಗರನ್ನೇ ಮುಂದೆ ಕರೆಯುತ್ತಾರೆ. ನರಸಮ್ಮಕ್ಕನಿಗೆ ಮಕ್ಕಳಿರಲಿಲ್ಲ. ಯಾರ ಮನೆಯ ಮಗಳು ಹೊರಟರೂ ಅವಳು ಆರತಿ ತಟ್ಟೆ ಹಿಡಿದು ಹಿಂದೆ ನಿಲ್ಲುತ್ತಿದ್ದಳು. ಯಾರೂ ತಳ್ಳುತ್ತಿರಲಿಲ್ಲ, ತಾನೇ ಸರಿದು ನಿಲ್ಲುತ್ತಿದ್ದಳು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಅವತ್ತೂ ಅವಳು ಅಭ್ಯಾಸಬಲದಿಂದ ಹಿಂದೆ ಸರಿದಳು. ನಮ್ಮತ್ತೆ ಮೊರವನ್ನು ಅವಳ ಮುಂದೆ ಹಿಡಿದರು.

"ಇದಕ್ ತಾಯಿ ಯಾರೇ, ನಾನಾ? ಮೊದಲ್ನೇ ಹಿಡಿ ನಿಂದು, ಹಾಕು."

ಅಕ್ಕ ಹಾಕಿದಳು. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಆಮೇಲೆ ನಾವೆಲ್ಲ ಹಾಕಿದೆವು, ನಗುತ್ತಲೇ ಹಾಕಿದೆವು. ಗಾಡಿಗೆ ಎತ್ತು ಹೂಡಿಕೊಡಲು ಬಂದಿದ್ದ ಬೈರಣ್ಣ ಹಗ್ಗ ಹಿಡಿದುಕೊಂಡು ನೋಡುತ್ತ ನಿಂತಿದ್ದ.

ಜೊತೆಗೆ ನಾನೂ ಹೋದೆ. ಪ್ರದರ್ಶನದ ಮೇಜಿನ ಮೇಲೆ ನಮ್ಮ ಕುಂಡ ಕುಂಬಳಕಾಯಿಗೂ ಯಾರೋ ವಕೀಲರ ಗುಲಾಬಿಗೂ ನಡುವೆ ಕೂತಿತು. ಬೆಲ್ಲದ ವಾಸನೆಗೆ ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಬಹುಮಾನ ಗೊತ್ತುಮಾಡುವ ಅಧಿಕಾರಿ ಟೋಪಿ ತೆಗೆದು ಬಗ್ಗಿ ನೋಡಿದರು. ಬ್ರೊಮೀಲಿಯಾಡ್ ಎಂದರು. ಅದೇನು ಹೆಸರೋ, ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ಬಚ್ಚಲ ಕಥೆ ಕೇಳಿ, ಹೊಗೆಗೇ ಹೂ ಬಿಟ್ಟಿರಬೇಕು ಎಂದು ಖುಷಿಪಟ್ಟರು. ಕೊನೆಗೆ ಮಡಿಲಿನತ್ತ ಬೆರಳು ತೋರಿಸಿದರು.

"ಈ ತಾಲ್ಲೂಕಲ್ಲಿ ಇಂಥಾ ಗಿಡ ನಾನು ನೋಡಿಲ್ಲಮ್ಮ. ಆ ಅಕ್ಕಿ ಬೆಲ್ಲ ಚೆಲ್ಲಿ ತೊಳೆದುಬಿಡಿ, ಫಸ್ಟ್ ಪ್ರೈಜ್ ಬರೀತೀನಿ. ಹಾಗೇ ಬಿಟ್ಟರೆ ನಿಯಮ ಒಪ್ಪಲ್ಲ."

ನಾನು ಕುಂಡಕ್ಕೆ ಕೈ ಹಾಕಿಯೂ ಆಗಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಬಿಡೇ. ಮನೆಗೋಗಿ ತೆಗಿತೀನಿ. ಹತ್ತು ಜನದ್ ಮುಂದೆ ಚೆಲ್ಲಕ್ಕಿಲ್ಲ." ಆಮೇಲೆ ನನಗೊಬ್ಬಳಿಗೇ ಕೇಳುವಂತೆ, "ನಾನು ತುಂಬಿರೋ ಮಡ್ಲು ಇದೊಂದೇ ಕಣೇ," ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಬಹುಮಾನ ವಕೀಲರ ಗುಲಾಬಿಗೆ ಹೋಯಿತು. ಆದರೆ ಸಂಜೆಯವರೆಗೂ ಜನ ಮುತ್ತಿದ್ದು ಮಡಿಲು ತುಂಬಿಸಿಕೊಂಡ ಗಿಡದ ಸುತ್ತಲೇ. ಅಕ್ಕ ಒಂದೇ ಕಥೆಯನ್ನು ಇಪ್ಪತ್ತು ಸಲ ಹೇಳಿದಳು, ಪ್ರತಿ ಸಲವೂ ಮೇಕೆ ಸ್ವಲ್ಪ ದೊಡ್ಡದಾಗುತ್ತಿತ್ತು.

ಬರುವ ದಾರಿಯಲ್ಲಿ ಮಾತ್ರ ಅವಳು ಮಂಕಾದಳು. ಹನ್ನೊಂದು ಕುಂಡ ಎಲ್ಲಿಡಲಿ ಎಂದು ಕೇಳಿದಳು. ನಮ್ಮ ಹಿತ್ತಲಿದೆ ಎಂದೆ, ನಮ್ಮ ಹಿತ್ತಲು ಮೊರದಗಲವಿದ್ದರೂ.

ಗಾಡಿ ನಿಂತಾಗ ಬೈರಣ್ಣ ಜಗಲಿಯ ಮೇಲೆ ಕೂತಿದ್ದ. ಕಾಲಿಗೆ ಮೆತ್ತಿದ್ದ ಕೆಸರು ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ಪ್ರೈಜು ಬರಲಿಲ್ಲವೆಂದು ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವನೇ ಎದ್ದು ಬಂದು ಕುಂಡವನ್ನು ಜೋಪಾನವಾಗಿ ಕೆಳಗಿಳಿಸಿಕೊಂಡ.

"ಬದ್ನೆ ಸಸೀನ ಬೆಳಿಗ್ಗೇನೇ ತಿಪ್ಪೆ ಪಕ್ಕ ನೆಟ್ಬಿಟ್ಟೆ ಕಣೇ," ಎಂದ. "ನೀವು ಆ ಕಡೆ ಹೋದ್ರಿ, ನಾನು ಈ ಕಡೆ ಗುದ್ಲಿ ತಗೊಂಡೆ."