ಇನ್ನೊಂದು ಜೊತೆ ಕಡ್ಡಿ

ಭಾನುವಾರ ಬೆಳಗ್ಗೆ ಟೋಕಿಯೋದ ಎಡೋಗಾವಾದಿಂದ ರೈಲು ಹತ್ತಿ, ಯಹೂದಿಗಳ ಪ್ರಾರ್ಥನಾಮಂದಿರಕ್ಕೆ ಸೊಪ್ಪು ಬಿಡಿಸಲು ಹೋಗುತ್ತೇನೆ ಎಂದರೆ ನಮ್ಮವರು ನಗುತ್ತಾರೆ. ನಗಲಿ. ನದಿಯ ದಂಡೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಲಗುವವರಿಗೆ ಆ ಮಂದಿರದವರು ವಾರಕ್ಕೊಮ್ಮೆ ಬಿಸಿ ಊಟ ಹಂಚುತ್ತಾರೆ. ಸಹೋದ್ಯೋಗಿಯೊಬ್ಬಳು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು. ಅವಳು ಟೋಕಿಯೋ ಬಿಟ್ಟು ಹೋದಳು, ನಾನು ಉಳಿದುಕೊಂಡೆ.

ಅಡುಗೆಮನೆಯ ಯಜಮಾನಿಗೆ ಎಪ್ಪತ್ತು ದಾಟಿತ್ತು. ಪ್ರಾಯದಲ್ಲೇ ಜಪಾನಿಗೆ ಬಂದು ಇಲ್ಲಿಯವರನ್ನೇ ಮದುವೆಯಾದ ಯಹೂದಿ ಹೆಂಗಸು. ಅವರ ಧರ್ಮದಲ್ಲಿ ಹುಳ ಹೊಟ್ಟೆಗೆ ಹೋಗಬಾರದು, ಅದಕ್ಕೆ ಒಂದೊಂದು ಎಲೆಯನ್ನೂ ತೊಳೆದು ಬೆಳಕಿಗೆ ಹಿಡಿದು ನೋಡಬೇಕು. ಮೊದಲ ದಿನ ನಾನು ಬಿಡಿಸಿದ ಪಾಲಕ್ ಸೊಪ್ಪನ್ನು ಆಕೆ ಹಾಗೇ ನನ್ನ ಮುಂದೆ ತಳ್ಳಿ, ಮತ್ತೆ ತೊಳೆ ಎಂದರು. ಮೈಸೂರಿನಲ್ಲಿ ಹುಟ್ಟಿ ಸೊಪ್ಪು ಬಿಡಿಸುವುದನ್ನು ಇವರಿಂದ ಕಲಿಯಬೇಕೇ ಎಂದು ನನಗೆ ಮೈ ಉರಿಯಿತು. ತೊಳೆದೆ. ಹುಳ ಸಿಕ್ಕಿತು.

ಅವರ ಗಂಡ ಯಹೂದಿಯಲ್ಲ. ಪ್ರಾರ್ಥನೆಗೆ ಕೂರುತ್ತಿರಲಿಲ್ಲ, ಅಕ್ಕಿಯ ಚೀಲ ಹೊತ್ತು ತಂದಿಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಸತ್ತವರನ್ನು ತೊಳೆದು, ಬಿಳಿ ಬಟ್ಟೆ ಉಡಿಸಿ, ಮಣ್ಣು ಮಾಡುವವರೆಗೂ ಒಂಟಿಯಾಗಿ ಬಿಡದೆ ಕಾಯುವುದು ಕೂಡ ಆ ಮಂದಿರದವರ ಸೇವೆಗಳಲ್ಲೊಂದು. ಸತ್ತವರು ಉಪಕಾರ ತೀರಿಸಲಾರರು, ಆದ್ದರಿಂದ ಅದರಷ್ಟು ನಿಜವಾದ ಸೇವೆ ಇನ್ನೊಂದಿಲ್ಲ ಎಂದು ಅವರು ನಂಬುತ್ತಾರೆ. ಆದರೆ ಆಕೆಯ ಗಂಡ ಜಪಾನಿನವರು. ತಮ್ಮನ್ನು ಸುಟ್ಟು, ಅಸ್ಥಿಯನ್ನು ತಮ್ಮ ಊರಾದ ಹಮಾಮತ್ಸುವಿನಲ್ಲಿ ಅಪ್ಪ ಅಮ್ಮನ ಸಮಾಧಿಯಲ್ಲೇ ಇಡಬೇಕೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದರು. ಯಹೂದಿಗಳು ಹೆಣ ಸುಡುವುದಿಲ್ಲ. ಮಂದಿರದ ಹಿರಿಯರು ಕೂತು ಮಾತಾಡಿದರು. ಸತ್ತವರಿಗೆ ನಮ್ಮ ನಿಯಮ ಅನ್ವಯಿಸದಿದ್ದರೂ ಬದುಕಿರುವವರಿಗೆ ಅನ್ವಯಿಸುತ್ತದೆ, ಆಕೆಯನ್ನು ಒಂಟಿ ಬಿಡಬಾರದು ಎಂದು ತೀರ್ಮಾನಿಸಿ ಎಲ್ಲರೂ ಚಿತಾಗಾರಕ್ಕೆ ಹೊರಟರು.

ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಇಲ್ಲಿ ಸುಟ್ಟ ಮೇಲೆ ಮನೆಯವರು ಇಬ್ಬಿಬ್ಬರಾಗಿ ನಿಂತು, ಊಟದ ಕಡ್ಡಿಗಳಂಥ ಕಡ್ಡಿಗಳಿಂದ ಒಂದೊಂದು ಮೂಳೆಯನ್ನೂ ಜೊತೆಯಾಗಿ ಎತ್ತಿ ಮಡಕೆಗೆ ಹಾಕಬೇಕು. ಆ ದಂಪತಿಗೆ ಮಕ್ಕಳಿಲ್ಲ. ಗಂಡನ ಅಕ್ಕ ಹಾಸಿಗೆ ಹಿಡಿದಿದ್ದರು. ಮಂದಿರದವರಿಗೆ ಸುಟ್ಟ ಮೂಳೆ ಮುಟ್ಟಲು ಮನಸ್ಸು ಒಪ್ಪಲಿಲ್ಲ. ಅವರನ್ನು ಬಲವಂತ ಮಾಡಲು ಆಕೆಗೂ ಇಷ್ಟವಿರಲಿಲ್ಲ.

ಆಕೆ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಲ್ಲಿ ಸುಡುತ್ತಾರಲ್ಲ, ನಿನಗೆ ಇದೆಲ್ಲ ಗೊತ್ತಿರುತ್ತದೆ. ನನ್ನ ಜೊತೆ ನಿಲ್ಲುತ್ತೀಯಾ?” ಎಂದು ಕೇಳಿದರು.

ನನಗೇನು ಗೊತ್ತಿತ್ತು, ಮಣ್ಣು! ನಮ್ಮ ಮನೆಯಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅಪ್ಪ ಹೋದಾಗ ನಾನೂ ಅಮ್ಮನೂ ಬಾಗಿಲಲ್ಲೇ ನಿಂತೆವು. ಅಸ್ಥಿಯ ಮಡಕೆಯನ್ನು ಮನೆಯೊಳಗೆ ತರುವಂತಿಲ್ಲವೆಂದು ಅಣ್ಣ ಅಲ್ಲಿಂದಲೇ ಶ್ರೀರಂಗಪಟ್ಟಣಕ್ಕೆ ಹೊರಟುಬಿಟ್ಟ. ಇದನ್ನೆಲ್ಲ ಆ ಹೊತ್ತಿನಲ್ಲಿ ಆಕೆಗೆ ಹೇಗೆ ಹೇಳಲಿ? ಹೂಂ ಎಂದೆ.

ಮೂಳೆಗಳಿದ್ದ ತಟ್ಟೆ ಕುಲುಮೆಯಿಂದ ಹೊರಬಂದಾಗ ಕಾವು ಮುಖಕ್ಕೆ ಬಡಿಯಿತು. ಮಂದಿರದವರಲ್ಲಿ ಕೆಲವರು ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತರು, ಉಳಿದವರು ಹೊರಗಿದ್ದರು. ಬಿಳಿ ಕೈಗವಸು ತೊಟ್ಟ ಸಿಬ್ಬಂದಿ ನಮಗೆ ತಲೆಬಾಗಿ, ಕಾಲಿನ ಕಡೆಯಿಂದ ಶುರು ಮಾಡಿ, ಆಗ ಅವರು ಮಡಕೆಯೊಳಗೆ ನೇರವಾಗಿ ನಿಂತಂತಾಗುತ್ತದೆ ಎಂದರು. ಆಕೆ ಕಡ್ಡಿಯಿಂದ ಮೂಳೆಯ ಒಂದು ತುದಿ ಹಿಡಿದರು, ನಾನು ಇನ್ನೊಂದು. ನನ್ನ ಕಡ್ಡಿಯಿಂದ ಮೂಳೆ ಜಾರಿ ತಟ್ಟೆಗೆ ಬಿತ್ತು. ಅದು ಬಿದ್ದ ಸದ್ದು ಎಷ್ಟು ಹಗುರವಾಗಿತ್ತೆಂದರೆ ನನಗೆ ತಡೆಯಲಾಗದೆ ಅಳು ಬಂತು.

ಆಕೆ ನನ್ನತ್ತ ತಿರುಗಿದರು. “ನಿನಗೂ ಮೊದಲ ಸಲವಾ?”

ಹೌದೆಂದು ತಲೆಯಾಡಿಸಿದೆ. ಆಕೆ ಬೈಯಲಿಲ್ಲ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದು ನಿಂತು, ಅದೇ ಮೂಳೆಗೆ ಮತ್ತೆ ಕಡ್ಡಿ ಚಾಚಿ ನನಗಾಗಿ ಕಾದರು. ತಲೆಯವರೆಗೂ ನಾವಿಬ್ಬರೇ ಎತ್ತಿದೆವು. ಹೊರಗೆ ಬಂದಾಗ ಮಂದಿರದ ಹಿರಿಯರೊಬ್ಬರು ತಂಬಿಗೆ ಹಿಡಿದು ನಿಂತಿದ್ದರು, ಸಾವಿನ ಜಾಗದಿಂದ ಬಂದವರು ಕೈ ತೊಳೆಯುವುದು ಅವರ ಪದ್ಧತಿ. ಆಕೆಯ ಕೈಗೆ ನೀರು ಹಾಕಿದ ಮೇಲೆ, ಕೇಳದೆಯೇ, ನನ್ನ ಕೈಗೂ ಹಾಕಿದರು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಮೈಸೂರಿಗೆ ಫೋನ್ ಮಾಡಿದೆ. ಬೈಗುಳ ಖಂಡಿತ ಎಂದುಕೊಂಡೇ ಅಮ್ಮನಿಗೆ ವಿಷಯ ತಿಳಿಸಿದೆ.

“ಮೂಳೆ ಇನ್ನೂ ಬಿಸಿ ಇತ್ತಾ?” ಎಂದು ಅಮ್ಮ ಕೇಳಿದಳು.

“ಸ್ವಲ್ಪ ಇತ್ತಮ್ಮ.”

“ನಿಮ್ಮಪ್ಪಂದು ಹೇಗಿತ್ತು ಅಂತ ನಿಮ್ಮಣ್ಣನ್ನ ಎಷ್ಟೋ ಸಲ ಕೇಳ್ದೆ. ಅದೆಲ್ಲ ನಿನಗ್ಯಾಕೆ ಅಂದ್ಬಿಟ್ಟ. ನೀನಾದ್ರೂ ಹೇಳು.”

ನಾನು ನೆಲದ ಮೇಲೆ ಕೂತೆ. ಕಾಲಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ.