ಗುಡುಗಿನ ಸರದಿ

ತಕ್ಕಡಿ ರಿಪೇರಿ ಮಾಡುವವನಿಗೆ ಜನ ಇನ್ನೇನು ಹೆಸರಿಟ್ಟಾರು? ಎಲ್ಲರ ಬಾಯಲ್ಲೂ ಅವನು ತಕ್ಕಡಿಯೇ. ಅವನ ಅಂಗಡಿ ಬಾಗಿಲಿನಷ್ಟೇ ಅಗಲ, ಒಳಗೆ ಹೋದರೆ ಉದ್ದ. ಮುಂಭಾಗದಲ್ಲಿ ತರಕಾರಿಯವರ, ಅಕ್ಕಸಾಲಿಗರ, ಹೆರಿಗೆ ಆಸ್ಪತ್ರೆಯ ತಕ್ಕಡಿಗಳು ಸಾಲಾಗಿ ಕೂತಿರುತ್ತಿದ್ದವು. ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಮೇಜು. ಪ್ರತಿ ಭಾನುವಾರ ಮಧ್ಯಾಹ್ನ ಆ ಮೇಜಿನ ಮೇಲೆ ಯುದ್ಧ ನಡೆಯುತ್ತಿತ್ತು.

ಯುದ್ಧವೆಂದರೆ ದಾಳದ ಯುದ್ಧ, ಕಥೆ ಕಟ್ಟಿಕೊಂಡು ಆಡುವ ಆಟ. ಆಡುವವರು ಒಬ್ಬೊಬ್ಬ ವೀರನಾಗಿ ಹೆಬ್ಬೆರಳು ಗಾತ್ರದ ಒಂದೊಂದು ಬೊಂಬೆ ಹಿಡಿಯಬೇಕು. ಎದುರಿಗೆ ಬರುವ ದೈತ್ಯರು, ಕಳ್ಳಕಾಕರೆಲ್ಲ ಆಟ ನಡೆಸುವವನ ಪಾಲು. ಆಟ ನಡೆಸುವವನು ತಕ್ಕಡಿ. ಆಡುವವರು ಅವನ ಷಡ್ಡಕ, ಲೈಬ್ರರಿಯ ಮೇಡಂ ಮತ್ತು ಒಬ್ಬ ಬಸ್ ಡ್ರೈವರ್. ಕೂದಲು ನರೆತವರಿಗೆ ಇದೆಂಥ ಹುಚ್ಚು ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ನಗುತ್ತಲೇ ಬಾಗಿಲಲ್ಲಿ ನಿಂತು ಇಣುಕುವವರೂ ಅವರೇ.

ಆಟದಲ್ಲಿ ತಕ್ಕಡಿ ತಾನೇ ತೂಗಿ ಅಳೆದು ಮಾಡಿದ ನಿಯಮ ಒಂದಿತ್ತು. ಏಟು ಎರಡು ಬಗೆ. ಖಚಿತ ಏಟಿಗೆ ಇಪ್ಪತ್ತು ಮುಖದ ದಾಳದಲ್ಲಿ ಬಿದ್ದಷ್ಟೂ ಲೆಕ್ಕ. ಅದು ವೈರಿಯ ಚರ್ಮದ ಅಂಕ, ಅಂದರೆ ಅವನ ಚರ್ಮ ಎಷ್ಟು ಗಟ್ಟಿ ಎಂಬ ಲೆಕ್ಕ, ಮುಟ್ಟಿದರೆ ಅಥವಾ ದಾಟಿದರೆ ಅವನಿಗೆ ಆರು ಜೀವ ಕಮ್ಮಿ. ಭಾರಿ ಏಟಿಗೆ ಬಿದ್ದದ್ದರಲ್ಲಿ ಐದು ಕಳೆಯಬೇಕು. ಆಮೇಲೂ ಮುಟ್ಟಿದರೆ ಹದಿನಾರು ಜೀವ ಕಮ್ಮಿ. ಯಾವ ಏಟು ಎಂದು ದಾಳ ಎಸೆಯುವ ಮೊದಲೇ ಹೇಳಬೇಕು. ಚರ್ಮದ ಅಂಕ ಮಾತ್ರ ತಕ್ಕಡಿಯ ಮುಂದಿನ ರಟ್ಟಿನ ಮರೆಯ ಹಿಂದೆ ಗುಟ್ಟಾಗಿರುತ್ತಿತ್ತು. ದಾಳದಲ್ಲಿ ಐದು ಬಿಟ್ಟರೆ ಏಟಿಗೆ ಹತ್ತು ಹೆಚ್ಚು ಎಂಬ ಈ ಅಳತೆಯನ್ನು ಹೊಂದಿಸಲು ಅವನು ಒಂದು ಚಳಿಗಾಲವಿಡೀ ಒದ್ದಾಡಿದ್ದ. ಮೆತ್ತಗಿರುವ ವೈರಿಯ ಮೇಲೆ ಭಾರಿ ಏಟು ಲಾಭ, ಗಟ್ಟಿ ಚರ್ಮದವನ ಮೇಲೆ ಖಚಿತ ಏಟು ಲಾಭ. ಮುಳ್ಳು ಸರಿಯಾಗಿ ನಡುವೆ ನಿಂತ ದಿನ ಅವನಿಗಾದ ಸಂತೋಷ ಮಗಳ ಮದುವೆಯಲ್ಲೂ ಆಗಿರಲಿಲ್ಲ ಎಂದು ಅವನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈ ಲಾಭನಷ್ಟವನ್ನೆಲ್ಲ ಕಾಲಕಸ ಮಾಡಿದವನು ಆ ಬಸ್ ಡ್ರೈವರ್. ದಾಳವನ್ನು ಸ್ಟೀಲ್ ಲೋಟಕ್ಕೆ ಹಾಕಿ ಗಡಗಡ ಕುಲುಕಿ ಎಸೆಯುತ್ತಿದ್ದುದರಿಂದ ಅವನ ಹೆಸರು ಗುಡುಗು. ವೈರಿ ಇಲಿಯಾಗಲಿ, ಬಂಡೆಯಾಗಲಿ, ಅವನದು ಯಾವಾಗಲೂ ಭಾರಿ ಏಟು. ಹತ್ತಕ್ಕೆ ಏಳು ಸಲ ಗುರಿ ತಪ್ಪುತ್ತಿತ್ತು.

"ಸ್ವಲ್ಪ ನೋಡಿಕೊಂಡು ಹೊಡಿಯೋ" ಎಂದು ತಕ್ಕಡಿ ಗದರಿದರೆ, "ದಿನವೆಲ್ಲ ನೋಡಿಕೊಂಡು ಬ್ರೇಕ್ ಒತ್ತಿ ಒತ್ತಿ ಸಾಕಾಗಿದೆ. ಇಲ್ಲಾದರೂ ಬಿಡು ಮಾರಾಯ" ಎನ್ನುತ್ತಿದ್ದ.

ಅಂಥವನು ಒಮ್ಮೆ ಭಾನುವಾರವಲ್ಲದ ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಹೊಟ್ಟೆಯೊಳಗೆ ಗಡ್ಡೆಯಿತ್ತು. ಆಪರೇಷನ್ ಮಾಡಿದರೆ ಪೂರ್ತಿ ಹೋಗಬಹುದು, ಆದರೆ ಅವನ ಹೃದಯ ಅದನ್ನು ತಡೆಯುವ ಭರವಸೆ ಕಡಿಮೆ. ಮಾತ್ರೆ ತೆಗೆದುಕೊಂಡರೆ ಅಷ್ಟಷ್ಟಾಗಿ ಕುಗ್ಗುತ್ತದೆ.

"ಎರಡನ್ನೂ ಬಿಡಿಸಿ ಹೇಳಿ, ತೀರ್ಮಾನ ನಿಮ್ಮದು ಅಂದರು ಡಾಕ್ಟರು" ಎಂದ ಗುಡುಗು. "ನಿನ್ನ ಲೆಕ್ಕ ಏನು ಹೇಳುತ್ತೆ?"

ತಕ್ಕಡಿ ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗೂ ಇಡಲಿಲ್ಲ. "ಚರ್ಮ ಗಟ್ಟಿ ಇದೆ ಕಣೋ. ಖಚಿತ ಏಟೇ ಹೊಡಿ. ನಿಧಾನಕ್ಕೆ ಇಳಿಯುತ್ತೆ."

ಗುಡುಗು ಮಾತ್ರೆ ಶುರು ಮಾಡಿದ. ಗಡ್ಡೆ ಇಳಿಯಿತು ಕೂಡ. ಆದರೆ ಅವನು ಅದಕ್ಕಿಂತ ಬೇಗ ಇಳಿದ. ಬಸ್ಸು ಓಡಿಸುವುದು ಬಿಟ್ಟ, ಮೆಟ್ಟಿಲು ಹತ್ತುವುದು ಬಿಟ್ಟ. ಕಡೆಯ ಭಾನುವಾರ ಅವರು ಕಲ್ಲುದೈತ್ಯನ ಗವಿಯಲ್ಲಿದ್ದರು. ಷಡ್ಡಕ, ಮೇಡಂ ಇಬ್ಬರ ವೀರರೂ ಬಿದ್ದಿದ್ದರು. ಗುಡುಗಿನ ವೀರ ಇನ್ನೊಂದೇ ಏಟಿಗೆ ಮುಗಿಯುವ ಹಾಗಿದ್ದ. "ಗುಡುಗು, ನಿನ್ನ ಸರದಿ" ಎಂದ ತಕ್ಕಡಿ. ಗುಡುಗು ಲೋಟ ಎತ್ತಿ, ಹಾಗೇ ಕೆಳಗಿಟ್ಟ. "ಕೈ ಬರ್ತಿಲ್ಲ. ಮುಂದಿನ ವಾರ ಹೊಡೀತೀನಿ" ಎಂದು ದಾಳ ಸಮೇತ ಲೋಟ ಎತ್ತಿಕೊಂಡು ಎದ್ದು ಹೋದ. ಮುಂದಿನ ವಾರ ಇವರೆಲ್ಲ ಅವನಿಗೆ ಹೆಗಲು ಕೊಟ್ಟು ಬಂದರು.

ಆ ಮೇಜಿಗೆ ಒಂದು ಕಟ್ಟಳೆಯಿತ್ತು: ಒಬ್ಬನ ದಾಳವನ್ನು ಇನ್ನೊಬ್ಬ ಎಸೆಯುವಂತಿಲ್ಲ. ಬಸ್ಸು ತಡವಾಗುತ್ತಿದ್ದ ಡ್ರೈವರನಿಗಾಗಿಯೇ ಮಾಡಿದ್ದು. ಅವನು ಬರುವ ತನಕ ಅವನ ಸರದಿ ಕಾಯುತ್ತಿತ್ತು. ಈಗ ಆ ಕಟ್ಟಳೆಯೇ ಕೊರಳಿಗೆ ಸುತ್ತಿಕೊಂಡಿತು. ಆಟವನ್ನು ಎತ್ತಿಡಲೂ ಮನಸ್ಸಿಲ್ಲ, ಮುಂದುವರಿಸಲೂ ದಾರಿಯಿಲ್ಲ. ಭಾನುವಾರ ಮೂವರೂ ಬಂದು ಚಹಾ ಕುಡಿದು, ದೂಳು ಕೂರುತ್ತಿದ್ದ ಬೊಂಬೆಗಳನ್ನು ನೋಡಿ ಹೋಗುತ್ತಿದ್ದರು.

ತಕ್ಕಡಿಗೆ ಬೇರೊಂದು ಕಾಟ. ಖಾಲಿ ತಟ್ಟೆಯ ಮುಳ್ಳು ಸುಮ್ಮನೆ ನಡುಗಿದರೆ ಕೈ ನಿಲ್ಲುತ್ತಿತ್ತು. ತೂಕದ ಕಲ್ಲೊಂದು ಡಬ್ಬಿಯೊಳಗೆ ಉರುಳಿದರೆ ಸಾಕು, "ನಿನ್ನ ಸರದಿ" ಎಂದು ತನ್ನಷ್ಟಕ್ಕೆ ಬಾಯಿಗೆ ಬರುತ್ತಿತ್ತು. ಗಿರಾಕಿಗಳು ತಿರುಗಿ ನೋಡುತ್ತಿದ್ದರು. ಮರೆಯ ಹಿಂದಿನ ಅಂಕಗಳು ಅವನೊಬ್ಬನಿಗೇ ಗೊತ್ತಿದ್ದವು: ದೈತ್ಯನ ಚರ್ಮ ಹದಿನಾಲ್ಕು, ಉಳಿದ ಜೀವ ಹತ್ತು. ಚರ್ಮ ನೋಡಿದರೆ ಖಚಿತ ಏಟೇ ಸರಿ. ಆದರೆ ಆರು ಹೋಗಿ ನಾಲ್ಕು ಉಳಿದ ದೈತ್ಯ ತಿರುಗಿ ಹೊಡೆಯುತ್ತಾನೆ, ವೀರನಿಗೆ ಇನ್ನೊಂದು ಸುತ್ತೇ ಇಲ್ಲ. ಸಣ್ಣ ಏಟು ಗೆಲ್ಲಬೇಕಾದರೆ ಸುತ್ತುಗಳು ಬೇಕು. ಇಷ್ಟು ಚಿಕ್ಕ ವಿಷಯವನ್ನು ಅವನು ಆಟದಲ್ಲಿ ಎಂದೂ ಮರೆತವನಲ್ಲ. ಸ್ಟೂಲಿನ ಮೇಲೆ ಕೂತಿದ್ದ ಗೆಳೆಯನಿಗೆ ಎಷ್ಟು ಸುತ್ತು ಉಳಿದಿವೆ ಎಂದು ಮಾತ್ರ ಕೇಳಲಿಲ್ಲ.

ಒಂದು ಭಾನುವಾರ ಗುಡುಗಿನ ಹೆಂಡತಿ ಬಂದಳು. ಕೈಚೀಲದಿಂದ ಸ್ಟೀಲ್ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ದಾಳವಿತ್ತು.

"ಇದನ್ನ ತೊಳೆದು ಬೋರಲು ಹಾಕಿದರೂ ಮನೇಲಿ ಸದ್ದು ಕೇಳ್ತಾನೇ ಇರುತ್ತೆ ಅಣ್ಣ. ಅವರದು ಒಂದು ಏಟು ಬಾಕಿ ಇದೆಯಂತಲ್ಲ, ಮುಗಿಸಿಬಿಡೋಣ."

ಷಡ್ಡಕ ಗಂಟಲು ಸರಿಮಾಡಿಕೊಂಡ. "ಒಬ್ಬರ ದಾಳ ಇನ್ನೊಬ್ಬರು—"

"ಹೆಂಡತಿ ಇನ್ನೊಬ್ಬಳಲ್ಲ" ಎಂದ ತಕ್ಕಡಿ. "ಕೂತ್ಕೋಮ್ಮ."

ಅವಳು ಗುಡುಗಿನ ಕುರ್ಚಿಯಲ್ಲೇ ಕೂತಳು. ಮೇಡಂ ಎರಡು ಏಟುಗಳ ನಿಯಮ ತಿಳಿಸಿಕೊಟ್ಟರು. ಅವಳು ಕೇಳಿಸಿಕೊಂಡು ತಕ್ಕಡಿಯ ಕಡೆ ತಿರುಗಿದಳು. "ನೀವೇ ಹೇಳಿ. ಯಾವುದು ಹೊಡೀಲಿ?"

ಸ್ಟೂಲಿನ ಮೇಲೆ ಕೂತು ಗುಡುಗು ಕೇಳಿದ್ದೂ ಇದನ್ನೇ. "ನನ್ನ ಕೇಳಬೇಡಮ್ಮ" ಎಂದ ತಕ್ಕಡಿ.

"ಅವರೂ ನಿಮ್ಮನ್ನೇ ಕೇಳಿದ್ದರು, ಗೊತ್ತು. ಮನೆಗೆ ಬಂದು, ತಕ್ಕಡಿ ಹೇಳಿದಾನೆ, ತಪ್ಪೋದಿಲ್ಲ ಅಂತ ಹೇಳಿ ಆವತ್ತು ಕಣ್ತುಂಬ ನಿದ್ದೆ ಮಾಡಿದರು." ಅವಳು ಲೋಟವನ್ನು ಕೈಯಲ್ಲಿ ತಿರುಗಿಸಿದಳು. "ಅದಕ್ಕೆ ನಿಮ್ಮನ್ನ ಬೈತೀನಿ ಅಣ್ಣ. ಒಂದೊಂದು ದಿನ ಬೈತೀನಿ, ಒಂದೊಂದು ದಿನ ಇಲ್ಲ. ಈಗ ಹೇಳಿ."

ತಕ್ಕಡಿ ರಟ್ಟಿನ ಮರೆಯನ್ನು ದಿಟ್ಟಿಸಿದ. "ಭಾರಿ ಏಟು" ಎಂದ, ತನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಅವಳು ಲೋಟ ಕುಲುಕಿದಳು. ಆ ಸದ್ದಿಗೆ ಷಡ್ಡಕ ಮುಖ ತಿರುಗಿಸಿಕೊಂಡ. ದಾಳ ಉರುಳಿ ನಿಂತಿತು. ಹದಿನಾರು. ಮೇಡಂ ಮುಖ ಅರಳಿತು. ಆಮೇಲೆ ಐದು ಕಳೆಯಬೇಕೆಂದು ನೆನಪಾಗಿ ಹಾಗೇ ಬಾಡಿತು. ಹನ್ನೊಂದು.

ಮರೆಯ ಹಿಂದೆ ಏನಿದೆ ಎಂದು ಕಂಡವರಿಲ್ಲ. ತಾಗಿತು ಎಂದರೆ ತಾಗಿದ ಹಾಗೆ. ಆ ಒಂದು ಸುಳ್ಳು ಅವನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬದುಕಿನುದ್ದಕ್ಕೂ ಕಳ್ಳತೂಕಕ್ಕೆ ಕೈ ಹಾಕದ ಮನುಷ್ಯ. "ತಾಗಲಿಲ್ಲ" ಎಂದ.

"ಖಚಿತ ಏಟು ಹೊಡೆದಿದ್ದರೆ?" ಎಂದಳು ಅವಳು.

ಅವನು ಮರೆಯನ್ನೇ ಎತ್ತಿ ಪಕ್ಕಕ್ಕಿಟ್ಟ. ಅಷ್ಟು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. "ತಾಗ್ತಿತ್ತು. ಆದರೆ ದೈತ್ಯ ಸಾಯ್ತಿರಲಿಲ್ಲ."

ಅವಳು ಅಂಕಗಳನ್ನು ನೋಡಿದಳು. "ಈಗ ಯಾರ ಸರದಿ?"

"ದೈತ್ಯನದು. ಅಂದರೆ ನನ್ನದು."

"ಹಾಗಾದರೆ ಹೊಡೀರಿ."

ಗೆಳೆಯನನ್ನು ಎರಡನೇ ಸಲ ಕೊಲ್ಲಬೇಕಲ್ಲ ಎಂದುಕೊಳ್ಳುತ್ತಲೇ ಅವನು ದಾಳ ಎತ್ತಿಕೊಂಡ. ಅವಳು ಅವನ ಮೇಲಿಂದ ಕಣ್ಣು ಕೀಳಲಿಲ್ಲ. ಅವನು ಎಲ್ಲರಿಗೂ ಕಾಣುವಂತೆ ಎಸೆದ. ತಾಗಿತು. ಅವಳೇ ಗುಡುಗಿನ ಬೊಂಬೆಯನ್ನು ಎತ್ತಿ, ಸೆರಗಿನಿಂದ ದೂಳು ಒರೆಸಿ, ಲೋಟದೊಳಗೆ ಹಾಕಿಕೊಂಡು ಹೋದಳು.

ಮುಂದಿನ ಭಾನುವಾರ ಹೊಸ ಕಥೆ, ಹೊಸ ಬೊಂಬೆಗಳು. ಅವಳೂ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದಳು, ಮುಂದೆ ಅದೇ ಲೋಟ. ಷಡ್ಡಕ ಹೊಡೆದ, ಮೇಡಂ ಹೊಡೆದರು. ತಕ್ಕಡಿ ಮೇಜಿನಿಂದ ತಲೆಯೆತ್ತದೆ, "ಗುಡುಗು, ನಿನ್ನ ಸರದಿ" ಎಂದುಬಿಟ್ಟ. ಎಂದ ಮೇಲೆ ಅವನಿಗೆ ತಲೆಯೆತ್ತಲು ಧೈರ್ಯ ಬರಲಿಲ್ಲ.

ಲೋಟ ಗಡಗಡ ಎಂದಿತು.

"ಹ್ಞೂಂ, ಹೊಡೀತೀನಿ" ಎಂದಳು ಅವಳು. "ಯಾವುದು ಅಂತ ಮಾತ್ರ ನಿಮ್ಮನ್ನ ಕೇಳೋದಿಲ್ಲ."